ಕಾವಲಿನ ಖಾಸಗೀಕರಣ (ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆ)

ಪ್ರಜೆಗಳ ಪ್ರಾಣವನ್ನೂ ಸ್ವತ್ತನ್ನೂ ರಕ್ಷಿಸುವ ಅಧಿಕಾರವು ಪೂರ್ಣವಾಗಿಯೋ ಅಂಶತಃವೋ ರಾಜ್ಯದ ಕೈಬಿಟ್ಟು, ಸಂಬಳ ಕೊಡುವ ಖಾಸಗಿ ಒಡೆಯನ ವಶವಾಗುವುದಕ್ಕೆ ಈ ಹೆಸರು ಸಲ್ಲುತ್ತದೆ.

ಒಡೆಯನೊಬ್ಬನಿಗೇ ಸಲ್ಲುವ ಕಾವಲು ಈ ಸೀಮೆಗೆ ಹೊಸದಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಗರುಡಸ್ತಂಭವು ಹೊಯ್ಸಳ ದೊರೆ ಎರಡನೆಯ ವೀರಬಲ್ಲಾಳನ ಆಪ್ತನಾಗಿದ್ದು, ಒಡೆಯನ ಮರಣಾನಂತರ ಪತ್ನೀಪರಿವಾರಸಮೇತನಾಗಿ ಪ್ರಾಣವನ್ನರ್ಪಿಸಿದ ಕುವರಲಕ್ಷ್ಮನ ಸ್ಮಾರಕ. ಕಂಬದ ಸುತ್ತ, ತಮ್ಮ ಕೊರಳಿಗೆ ತಾವೇ ಕತ್ತಿಯಿಕ್ಕಿಕೊಳ್ಳುವ ವೀರರ ಕಿರುಶಿಲ್ಪಗಳಿವೆ. ಉಂಡ ಅನ್ನದ ಋಣವನ್ನು ತಲೆಯಿತ್ತು ತೀರಿಸುವ ಈ ಜೋಳವಾಳಿಯ ನಿಷ್ಠೆ ಎಷ್ಟೇ ಉದಾತ್ತವಾಗಿರಲಿ, ಅದು ಅನ್ನದಾತನಿಗೆ ಮೀಸಲಾದುದೇ ಹೊರತು ಊರಿಗೆ ಸಲ್ಲುವಂಥದಲ್ಲ. ಊರಿನ ಋಣದಲ್ಲಿದ್ದವನು ತಳವಾರ. ಬೆಳೆಯಲ್ಲಿ ಆಯವನ್ನೂ ಇನಾಮು ಭೂಮಿಯನ್ನೂ ಪಡೆದು, ಕಳುವಾದಾಗ ಕಳ್ಳರ ಹೆಜ್ಜೆಯ ಜಾಡನ್ನು ಊರ ಎಲ್ಲೆಯವರೆಗೆ ಹಿಡಿದು ಹೋಗಿ ತೋರಿಸಬೇಕಾಗಿದ್ದ ಆತನ ವಂಶಪಾರಂಪರ್ಯ ಹುದ್ದೆಯು, ಜಾತಿಯ ನೊಗವನ್ನೂ ಹೊತ್ತುಕೊಂಡಿದ್ದು, 1961ರ ಗ್ರಾಮಾಧಿಕಾರ ರದ್ದಿಯಾತಿ ಕಾನೂನಿನಿಂದ ಕೊನೆಗೊಂಡಿತು. ಬೇಲೂರು ಸೀಮೆಯನ್ನಾಳಿದ ಬಲಂ ನಾಯಕರಂಥ ಪಾಳೆಯಗಾರರ ಪಡೆಗಳು ಇನ್ನೊಂದು ಬಗೆಯವು. 1802ರಲ್ಲಿ ಬಲಂನ ಕೃಷ್ಣಪ್ಪನಾಯಕನನ್ನು ಗಲ್ಲಿಗೇರಿಸುವುದರೊಂದಿಗೆ ಅವುಗಳ ಕಾಲವೂ ಮುಗಿಯಿತು.

ಆಧುನಿಕ ಅರ್ಥದ ಖಾಸಗಿ ಪೋಲೀಸು ಈ ಸೀಮೆಗೆ ಬಂದುದು ರೈಲಿನ ಜೊತೆಗೆ. ಬ್ರಿಟಿಷ್ ಇಂಡಿಯಾದ 1861ರ ಪೋಲೀಸ್ ಕಾಯಿದೆಯೇ ಖಾಸಗಿಯವರ ಖರ್ಚಿನಲ್ಲಿ ಹೆಚ್ಚುವರಿ ಪೋಲೀಸರನ್ನು ನೇಮಿಸಲು ಎಡೆಗೊಟ್ಟಿತ್ತು. ರೈಲ್ವೆ ಪೋಲೀಸ್ ಸಮಿತಿಯ 1872ರ ಶಿಫಾರಸಿನಂತೆ, ಶಾಂತಿಪಾಲನೆಗೆ ಸರ್ಕಾರಿ ಪೋಲೀಸು, ಸರಕಿನ ಕಾವಲಿಗೆ ಕಂಪನಿ ಪೋಲೀಸು ಎಂದು ವಿಭಾಗವಾಗಿ, 1882ರ ವೇಳೆಗೆ ಅದು ಪೂರ್ಣವಾಗಿ ಆಚರಣೆಗೆ ಬಂದಿತು. ಆ ದಶಕದಲ್ಲಿಯೇ ಬೆಂಗಳೂರು–ಹರಿಹರ ಮಾರ್ಗವು ಸದರ್ನ್ ಮರಾಠಾ ರೈಲ್ವೆ ಕಂಪನಿಯ ಆಡಳಿತದಲ್ಲಿ ಅರಸೀಕೆರೆಯನ್ನು ಹಾಯ್ದುಹೋಯಿತು. ಮುಂದೆ ಹಾಸನದ ಮೂಲಕ ಮೈಸೂರಿನ ದಾರಿಯೂ ಕೂಡಿಕೊಂಡು ಊರು ಜಂಕ್ಷನ್ ಆಯಿತು.

ರೈಲ್ವೆ ಕಂಪನಿಗಳು ನೇಮಿಸಿದ ಚೌಕೀದಾರರು ಆಯಾ ಇಲಾಖೆಯ ಸ್ಥಳೀಯ ಮುಖ್ಯಸ್ಥರ ಕೈಕೆಳಗಿದ್ದರು. ಗೂಡ್ಸ್ ಷೆಡ್ಡಿನಲ್ಲಿ ಒಂದು ಮೂಟೆ ಕಡಮೆಯಾದರೆ, ಯಾರ ಲೆಕ್ಕವನ್ನು ಮೊದಲು ಶೋಧಿಸಬೇಕಾಗಿತ್ತೋ ಅವರ ಅಪ್ಪಣೆಯಲ್ಲಿಯೇ ಕಾವಲುಗಾರನು ನಿಂತಿದ್ದನೆಂಬುದನ್ನು ಗಮನಿಸಿದರೆ ಈ ಏರ್ಪಾಡಿನ ಮೂಲದೋಷ ಬಯಲಾಗುತ್ತದೆ. ಸರಕಿನ ಕಳವು ಹೆಚ್ಚುತ್ತ ಬಂದಂತೆ ಈ ಚೌಕೀದಾರರನ್ನು ‘ವಾಚ್ ಅಂಡ್ ವಾರ್ಡ್’ ಎಂಬ ಪ್ರತ್ಯೇಕ ವಿಭಾಗಕ್ಕೆ ಸೇರಿಸಬೇಕಾಯಿತು. ಸ್ವಾತಂತ್ರ್ಯಾನಂತರ, 1957ರ ಕಾಯಿದೆಯಿಂದ, ಅದು ರೈಲ್ವೆ ರಕ್ಷಣಾ ದಳವಾಗಿ ಸಂಸತ್ತಿನ ಕಾನೂನಿಗೆ ಒಳಪಟ್ಟಿತು. ಎಪ್ಪತ್ತೈದು ವರ್ಷಗಳ ಈ ದಾರಿ ಖಾಸಗಿಯಿಂದ ಸಾರ್ವಜನಿಕದ ಕಡೆಗೆ ಸಾಗಿತೆಂಬುದನ್ನು, ಇಂದು ಹಿಮ್ಮುಖವಾಗಿ ನಡೆಯಬಯಸುವವರು ಅವಶ್ಯವಾಗಿ ಪರಿಶೀಲಿಸಬೇಕು.

ಕಂಪನಿಯ ಕಾವಲಿನ ಅಪಾಯಕ್ಕೆ ಹೊರದೇಶದ ನಿದರ್ಶನವೂ ಉಂಟು. ಅಮೆರಿಕದ ಹೋಮ್‌ಸ್ಟೆಡ್‌ನಲ್ಲಿ 1892ರ ಜುಲೈ 6ರಂದು ಕಾರ್ನೆಗಿ ಉಕ್ಕಿನ ಕಂಪನಿ ಕರೆಸಿದ ಪಿಂಕರ್ಟನ್ ಸಂಸ್ಥೆಯ ಸುಮಾರು 300 ಕಾವಲುಗಾರರಿಗೂ ಕಾರ್ಮಿಕರಿಗೂ ಗುಂಡಿನ ಕಾಳಗವಾಗಿ ಉಭಯಪಕ್ಷದಲ್ಲಿಯೂ ಸಾವುಗಳಾದುವು. ಮರುವರ್ಷ ಅಲ್ಲಿನ ಕೇಂದ್ರಸರ್ಕಾರವು ಇಂಥವರನ್ನು ನೇಮಿಸಿಕೊಳ್ಳದಂತೆ ಕಾನೂನಾಯಿತು. ಕಂಪನಿಗಳು ತಮ್ಮದೇ ಪೋಲೀಸರನ್ನು ಸಾಕಲೇಬೇಕೆಂದೂ ಇಲ್ಲ; ಅಧಿಕಾರಿಗಳಿಗೆ ಹಣ ಸಂದರೆ ಸರ್ಕಾರಿ ಕಾವಲೇ ಸಡಿಲಬಲ್ಲದು. 2010ರಲ್ಲಿ ಸರ್ಕಾರವು ಮುಟ್ಟುಗೋಲು ಹಾಕಿಕೊಂಡ ಕಬ್ಬಿಣದ ಅದಿರೇ ಬೇಲೇಕೇರಿ ಬಂದರಿನಿಂದ ಹಡಗೇರಿಹೋಯಿತು. ಗಣಿಯ ಹಣ ಅಧಿಕಾರಿಗಳಿಗೆ ಸಂದ ಬಗೆಗೆ ದೊರೆತ ದಾಖಲೆಗಳನ್ನು ಲೋಕಾಯುಕ್ತ ಸಂತೋಷ್ ಹೆಗ್ಡೆಯವರ 2011ರ ವರದಿಯು ವಿವರಿಸಿತು.

ಖಾಸಗಿ ಭದ್ರತಾ ಸಂಸ್ಥೆಗಳ ನಿಯಂತ್ರಣಕ್ಕೆ 2005ರಲ್ಲಿ ಬಂದ ಕಾಯಿದೆಯು ಅವುಗಳಿಗೆ ಪರವಾನಗಿಯನ್ನೂ, ಕಾವಲುಗಾರರಿಗೆ ತರಬೇತಿಯನ್ನೂ ಕಡ್ಡಾಯಪಡಿಸಿ, ಪೋಲೀಸರ ಸಮವಸ್ತ್ರವನ್ನು ಹೋಲುವ ಉಡುಪನ್ನು ತೊಡುವುದನ್ನು ಅಪರಾಧವೆಂದಿತು. ಪುರಾತತ್ತ್ವ ಇಲಾಖೆಯ ಸ್ಮಾರಕಗಳಲ್ಲಿ ಈಗ ಗುತ್ತಿಗೆಯ ಕಾವಲುಗಾರರೂ ಇರುವುದುಂಟು. ಸ್ಮಾರಕಗಳಲ್ಲಿನ ಸೌಕರ್ಯಗಳನ್ನು ಕಂಪನಿಗಳಿಗೆ ಒಪ್ಪಿಸುವ ಯೋಜನೆಯೊಂದು 2017ರಲ್ಲಿ ಆರಂಭವಾಗಿದೆ. 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಬೇಲೂರು, ಹಳೇಬೀಡುಗಳ ಮಟ್ಟಿಗೆ ಕಾವಲಿನ ಖಾಸಗೀಕರಣವು ದೂರದ ಮಾತಲ್ಲ. ಪೋಲೀಸನ ದುರ್ನಡತೆಯ ಮೇಲೆ ದೂರು ಕೊಡಲು, ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2006ರಲ್ಲಿ ನಿರ್ದೇಶಿಸಿದ ಪ್ರಾಧಿಕಾರವುಂಟು. ಗುತ್ತಿಗೆಯ ಕಾವಲುಗಾರನು ಅದರ ವ್ಯಾಪ್ತಿಗೆ ಬರುವುದಿಲ್ಲ.