ಗಂಧದ್ವೈವಿಧ್ಯ ವಿಚಾರ

ಗಂಧವು ಪೃಥಿವಿಯ ವಿಶೇಷಗುಣವೆಂದೂ, ಅದನ್ನು ಗ್ರಹಿಸುವ ಘ್ರಾಣವು ಪಾರ್ಥಿವವಾದ ಇಂದ್ರಿಯವೆಂದೂ ನ್ಯಾಯವೈಶೇಷಿಕರ ಮತ. ತರ್ಕಸಂಗ್ರಹಕಾರನಾದ ಅನ್ನಂಭಟ್ಟನು ರೂಪಕ್ಕೆ ಏಳು, ರಸಕ್ಕೆ ಆರು ಭೇದಗಳನ್ನು ಹೇಳಿ, ಗಂಧಕ್ಕೆ ಮಾತ್ರ ಸುರಭಿ, ಅಸುರಭಿ ಎಂದು ಎರಡನ್ನೇ ಹೇಳುತ್ತಾನೆ. ಈ ದ್ವೈವಿಧ್ಯವು ವಸ್ತುವಿನಲ್ಲಿದೆಯೋ, ಆಘ್ರಾಣಿಸುವವನಲ್ಲಿದೆಯೋ ಎಂಬುದು ವಿಚಾರಾರ್ಹ.

ಇದರ ಪರೀಕ್ಷೆಗೆ ಮೈಸೂರು ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳು ತಕ್ಕ ಸ್ಥಳ. ಹೆಗ್ಗಡದೇವನಕೋಟೆಯ ಕಡೆಯ ಕಾಡುಗಳಲ್ಲಿ ಶ್ರೀಗಂಧವು ಬೆಳೆಯುತ್ತಿತ್ತು. 1792ರಲ್ಲಿ ಟಿಪ್ಪುಸುಲ್ತಾನನು ಅದನ್ನು ರಾಜವೃಕ್ಷವೆಂದು ಸಾರಿದನು. ಮುಂದೆ ಸರ್ಕಾರದ ಗಂಧದ ಕೋಠಿಗಳಲ್ಲೊಂದು ಹುಣಸೂರಿನಲ್ಲಿತ್ತು. ಮೊದಲನೆಯ ಮಹಾಯುದ್ಧದಿಂದ ಹೊರದೇಶದ ವ್ಯಾಪಾರವು ಕೆಡಲಾಗಿ, 1916ರಲ್ಲಿ ಬೆಂಗಳೂರಿನಲ್ಲಿಯೂ ಅನಂತರ ಮೈಸೂರಿನಲ್ಲಿಯೂ ಎಣ್ಣೆಯ ಕಾರ್ಖಾನೆಗಳು ಹುಟ್ಟಿದವು. ಇಂದು ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಹೊಲಗಳಲ್ಲಿ ಹೊಗೆಸೊಪ್ಪು ಬೆಳೆಯುತ್ತದೆ. ಬ್ಯಾರನ್ನಿನ ಬಿಸಿಗಾಳಿಯಲ್ಲಿ ಎಲೆ ಹದವಾಗುವಾಗಿನ ವಾಸನೆಯು ಬೆಳೆಗಾರನಿಗೆ ಹಿತ, ದಾರಿಹೋಕನಿಗೆ ತಲೆನೋವು. ಎಲೆಯಂತೂ ಒಂದೇ.

1991ರಲ್ಲಿ ಅಮೆರಿಕದ ಲಿಂಡಾ ಬಕ್, ರಿಚರ್ಡ್ ಆಕ್ಸೆಲ್ ಎಂಬ ವಿದ್ವಾಂಸರು ಘ್ರಾಣಗ್ರಾಹಕಗಳನ್ನು ನಿರ್ಮಿಸುವ ವಂಶವಾಹಿಗಳ ದೊಡ್ಡ ಕುಲವನ್ನು ಇಲಿಗಳಲ್ಲಿ ಕಂಡುಹಿಡಿದರು. 2004ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಮನುಷ್ಯನಲ್ಲಿ ಕೆಲಸಮಾಡುವಂಥವು ಸುಮಾರು 400. ಅದಕ್ಕಿಂತ ಹೆಚ್ಚಿನವು ನಿಷ್ಕ್ರಿಯವಾಗಿ ಉಳಿದಿವೆ. ಇವುಗಳ ರೂಪಾಂತರಗಳಲ್ಲಿ ಶೇಕಡ 30ಕ್ಕಿಂತ ಹೆಚ್ಚಿನವು ಒಬ್ಬನಲ್ಲಿ ಒಂದು ಬಗೆಯಾಗಿಯೂ ಇನ್ನೊಬ್ಬನಲ್ಲಿ ಬೇರೆ ಬಗೆಯಾಗಿಯೂ ವರ್ತಿಸುತ್ತವೆಂದು 2014ರಲ್ಲಿ ಪ್ರಕಟವಾದ ಶೋಧನೆಯಿಂದ ತಿಳಿಯಬರುತ್ತದೆ. ಅಭ್ಯಾಸಬಲವನ್ನೂ ಕಡೆಗಣಿಸಲಾಗದು. ಹೀಗಿರಲಾಗಿ, ಸೌರಭವನ್ನು ಕೇವಲ ವಸ್ತುಗುಣವೆಂದು ಸಾಧಿಸುವುದು ಕಷ್ಟ.

ಒಂದು ವಾಸನೆ ಹಲವು ಗ್ರಾಹಕಗಳನ್ನು ಎಚ್ಚರಿಸುತ್ತದೆ, ಒಂದು ಗ್ರಾಹಕವು ಹಲವು ವಾಸನೆಗಳಿಗೆ ಓಗೊಡುತ್ತದೆ. ಆದುದರಿಂದಲೇ ಅಲ್ಪಸಂಖ್ಯೆಯಿಂದ ಅಪಾರ ಭೇದಗಳು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ಗಂಧಯುಕ್ತಿಯಲ್ಲಿ 16 ದ್ರವ್ಯಗಳಿಂದ 1,74,720 ಸುಗಂಧಗಳನ್ನು ಗಣಿಸಿದುದು ಇಲ್ಲಿ ಸ್ಮರಣೀಯ. ಇಷ್ಟರಿಂದ ಆತನಿಗೆ ವಂಶವಾಹಿಗಳು ಗೊತ್ತಿದ್ದುವೆಂದು ಹೇಳುವುದು ಅತಿಸಾಹಸ. ಆತನ ಲೆಕ್ಕವು ಬೆರಕೆಯದು, ಮೂಗಿನದಲ್ಲ. ತಾರ್ಕಿಕನಿಗಾದರೋ ಪೃಥಿವಿಯ ಲಕ್ಷಣವು ಸಿದ್ಧಿಸಿದರೆ ಸಾಕಾಗಿತ್ತು, ಎರಡು ಭೇದಗಳೇ ಧಾರಾಳ. ಮೈಸೂರು ಸೀಮೆಯ ಕೋಠಿಯವರು ಶ್ರೀಗಂಧವನ್ನು 18 ತರಗತಿಗಳಾಗಿ ವಿಂಗಡಿಸುತ್ತಿದ್ದರು; ಆದರೆ ಆ ವಿಂಗಡಣೆಯೂ ಮುಖ್ಯವಾಗಿ ಕೊರಡಿನ ಗಾತ್ರ ತೂಕಗಳನ್ನು ನೋಡಿಯೇ ಹೊರತು ಮೂಸಿ ನೋಡಿ ಅಲ್ಲ.