ಮುಲುಂಡ್: ಮುಂಬಯಿಯ ಈಶಾನ್ಯ ತುದಿಯಲ್ಲಿ ಕನ್ನಡದ ಬೀಡು

ಮುಂಬಯಿಯ ಸೆಂಟ್ರಲ್ ರೈಲು ಮಾರ್ಗದಲ್ಲಿ ಠಾಣೆಯ ಕಡೆಗೆ ಹೊರಟರೆ ಮಹಾನಗರ ಪಾಲಿಕೆಯ ಗಡಿಯೊಳಗೆ ಸಿಗುವ ಕೊನೆಯ ನಿಲ್ದಾಣ ಮುಲುಂಡ್. ಸಿಎಸ್‌ಎಂಟಿಯಿಂದ ಸುಮಾರು 31 ಕಿ.ಮೀ. ದೂರ. ಪಶ್ಚಿಮಕ್ಕೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡಸಾಲು, ಪೂರ್ವಕ್ಕೆ ಉಪ್ಪಿನ ಗದ್ದೆಗಳು, ಅದರಾಚೆ ಠಾಣೆಯ ಖಾಡಿ. ಪಾಲಿಕೆಯ ಲೆಕ್ಕದಲ್ಲಿ ಇದು 'ಟಿ' ವಾರ್ಡ್. ಕಂದಾಯ ಇಲಾಖೆಯ ಲೆಕ್ಕದಲ್ಲಿ ಮುಂಬಯಿ ಉಪನಗರ ಜಿಲ್ಲೆಯ ಕುರ್ಲಾ ತಾಲೂಕಿಗೆ ಸೇರಿದ್ದು. ತಾಲೂಕಿನ ಹೆಸರು ಕುರ್ಲಾ ಆದರೂ ತಹಸೀಲ್ದಾರರ ಕಚೇರಿ ಇರುವುದು ಮುಲುಂಡ್ ಪಶ್ಚಿಮದಲ್ಲಿ!

ಕನ್ನಡಿಗರ ಮಟ್ಟಿಗೆ ಮುಲುಂಡಿನ ಕಥೆಗೆ ಒಂದು ವಿಶೇಷವಿದೆ. 1956ರ ನವೆಂಬರ್ 1ರಂದು ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದವು. ಅದರ ಮರುವರ್ಷ, 1957ರಲ್ಲಿ, ಮುಲುಂಡ್ ಬೃಹನ್ಮುಂಬಯಿಗೆ ಸೇರಿತು. ಅಂದರೆ ಮುಂಬಯಿ ಕನ್ನಡ ಜಿಲ್ಲೆಗಳ ರಾಜಧಾನಿಯಾಗಿ ಉಳಿಯದೇ ಹೋದ ಮೇಲೆಯೇ ಮುಲುಂಡ್ ಮುಂಬಯಿಯಾದದ್ದು. ಇಲ್ಲಿನ ಕನ್ನಡಕ್ಕೆ ಸರ್ಕಾರಿ ಭಾಷೆಯ ಆಸರೆ ಇರಲಿಲ್ಲ. ಇದ್ದದ್ದು ಜನ ತಾವೇ ಕಟ್ಟಿಕೊಂಡ ಶಾಲೆ, ಸಂಘ, ಭಜನಾ ಮಂಡಳಿಗಳ ಆಸರೆ ಮಾತ್ರ.

ಸಾಷ್ಟಿಯಿಂದ ಉಪನಗರಕ್ಕೆ

ಮುಲುಂಡ್ ಇರುವುದು ಸಾಷ್ಟಿ ದ್ವೀಪದಲ್ಲಿ. ಇಂಗ್ಲಿಷರ ಬಾಯಲ್ಲಿ ಇದು ಸಾಲ್ಸೆಟ್ ಆಯಿತು. ಅರವತ್ತಾರು ಹಳ್ಳಿಗಳ ನಾಡು ಎಂಬುದು ಆ ಹೆಸರಿನ ಅರ್ಥ. 1534ರ ಒಪ್ಪಂದದಿಂದ ಪೋರ್ಚುಗೀಸರಿಗೆ, 1737ರ ನಂತರ ಮರಾಠರಿಗೆ, 1774ರ ಕೊನೆಗೆ ಈಸ್ಟ್ ಇಂಡಿಯಾ ಕಂಪನಿಗೆ ಈ ದ್ವೀಪ ಕೈ ಬದಲಾಯಿಸಿತು. 1782ರ ಸಾಲ್ಬಾಯಿ ಒಪ್ಪಂದ ಕಂಪನಿಯ ಹಿಡಿತವನ್ನು ಖಾಯಂ ಮಾಡಿತು.

ಇದಕ್ಕೂ ಹಿಂದೆ ಕನ್ನಡ ನಾಡಿನ ಅರಸರ ಹೆಸರು ಈ ಗುಡ್ಡಗಳಲ್ಲಿ ಕಾಣಿಸಿಕೊಂಡಿದೆ. ಮುಲುಂಡಿನ ಬೆನ್ನಿಗಿರುವ ಕಾಡಿನೊಳಗೇ ಕಾನ್ಹೇರಿ ಗುಹೆಗಳಿವೆ. ಅಲ್ಲಿನ 9ನೇ ಶತಮಾನದ ಸಂಸ್ಕೃತ ಶಾಸನಗಳಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಹೆಸರಿದೆ. ಅವನ ಸಾಮಂತರಾಗಿ ಉತ್ತರ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರ ಹೆಸರೂ ಇದೆ. 'ಕವಿರಾಜಮಾರ್ಗ' ಹುಟ್ಟಿದ್ದು ಇದೇ ಅಮೋಘವರ್ಷನ ಆಸ್ಥಾನದಲ್ಲಿ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ. ಹಾಗೆಂದು ಆ ಕಾಲದಿಂದಲೂ ಇಲ್ಲಿ ಕನ್ನಡಿಗರು ನೆಲೆಸಿದ್ದರು ಎನ್ನಲು ಆಧಾರವಿಲ್ಲ. ಉತ್ಸಾಹದ ಭಾಷಣಗಳಲ್ಲಿ ಮಾತ್ರ ಈ ಎರಡೂ ಸಂಗತಿ ಒಂದಕ್ಕೊಂದು ಬೆರೆತುಬಿಡುತ್ತವೆ. ಇಂದಿನ ಮುಂಬಯಿ ಕನ್ನಡಿಗರ ಚರಿತ್ರೆ ಶುರುವಾಗುವುದು ಬಂದರು, ರೈಲು ಮತ್ತು ಗಿರಣಿಗಳಿಂದ.

1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಠಾಣೆಗೆ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು ಮುಲುಂಡಿನ ನೆಲದ ಮೇಲೆಯೇ ಹಾದುಹೋಯಿತು. ಊರು ಬೆಳೆದದ್ದು ಮಾತ್ರ ತಡವಾಗಿ. ಸ್ವಾತಂತ್ರ್ಯದ ನಂತರ ದೇಶವಿಭಜನೆಯಿಂದ ನೆಲೆ ಕಳೆದುಕೊಂಡ ಸಿಂಧಿ, ಪಂಜಾಬಿ ಕುಟುಂಬಗಳು ಮುಲುಂಡ್ ಕಾಲೊನಿಗೆ ಬಂದವು. ಪಶ್ಚಿಮ ಭಾಗದಲ್ಲಿ ಗುಜರಾತಿ ಮತ್ತು ಕಚ್ಛಿ ವ್ಯಾಪಾರಸ್ಥರು, ಪೂರ್ವದಲ್ಲಿ ಮರಾಠಿ ಮಧ್ಯಮವರ್ಗ ಹೆಚ್ಚಿತು. ಇವರ ನಡುವೆ ತಮಿಳರು, ಮಲಯಾಳಿಗಳು ಮತ್ತು ಕನ್ನಡಿಗರು ಮನೆ ಹಿಡಿದರು. ಪಂಚರಸ್ತಾದ ಸುತ್ತ ಅರ್ಧ ಗಂಟೆ ಅಡ್ಡಾಡಿದರೆ ಆರೇಳು ಭಾಷೆ ಕಿವಿಗೆ ಬೀಳುತ್ತವೆ.

ಜನ ಇಲ್ಲಿಗೆ ಬರಲು ಮುಖ್ಯ ಕಾರಣ ಆಗ ಆಗ್ರಾ ರೋಡ್ ಎನಿಸಿಕೊಂಡಿದ್ದ, ಈಗಿನ ಎಲ್‌ಬಿಎಸ್ ಮಾರ್ಗದ ಕಾರ್ಖಾನೆಗಳು. ಭಾಂಡುಪಿನ ಸಿಯೆಟ್ ಟೈರು, ಮುಲುಂಡಿನ ರಿಚರ್ಡ್‌ಸನ್ ಅಂಡ್ ಕ್ರುಡ್ಡಾಸ್, ಜಾನ್ಸನ್ ಅಂಡ್ ಜಾನ್ಸನ್, ಹೆಕ್ಸ್ಟ್ ಔಷಧ ಕಂಪನಿ ಹೀಗೆ ಸಾಲುಸಾಲು ಗೇಟುಗಳಿದ್ದ ರಸ್ತೆ ಅದು. ಪಾಳಿ ಮುಗಿಸಿ ಬರುವವರಿಗೆ ಇಡ್ಲಿ, ಚಹಾ ಕೊಡಲು ಉಡುಪಿ ಹೋಟೆಲು ಬೇಕೇ ಬೇಕಲ್ಲ! ಹೋಟೆಲಿನ ಹಿಂದೆಯೇ ಹುಡುಗರು ಬಂದರು, ಹುಡುಗರ ಹಿಂದೆ ಅಣ್ಣತಮ್ಮಂದಿರು ಬಂದರು. ಇಂದು ಆ ಗೇಟುಗಳಲ್ಲಿ ಹಲವು ಇಲ್ಲ. ಅದೇ ರಸ್ತೆಯುದ್ದಕ್ಕೂ ಮಾಲ್‌ಗಳು ಮತ್ತು ವಸತಿ ಗೋಪುರಗಳು ಎದ್ದಿವೆ.

1990ರ ಅಕ್ಟೋಬರ್ 1ರಂದು ಮುಂಬಯಿಯನ್ನು ಎರಡು ಕಂದಾಯ ಜಿಲ್ಲೆಗಳಾಗಿ ಒಡೆದಾಗ ಮುಲುಂಡ್ ಉಪನಗರ ಜಿಲ್ಲೆಯ ಪಾಲಿಗೆ ಬಂತು. ಬಾಂದ್ರಾ ಇದರ ಕೇಂದ್ರ. ಅಂಧೇರಿ, ಬೋರಿವಲಿ ಮತ್ತು ಕುರ್ಲಾ ಇದರ ಮೂರು ತಾಲೂಕುಗಳು. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 93.5 ಲಕ್ಷ ದಾಟಿತ್ತು. ಪೂರ್ತಿ ನಗರವೇ ಆದ್ದರಿಂದ ಇಲ್ಲಿ ಜಿಲ್ಲಾ ಪರಿಷತ್ತಿಲ್ಲ, ಗ್ರಾಮ ಪಂಚಾಯಿತಿಯೂ ಇಲ್ಲ. ಶಾಲೆ, ನೀರು, ಆಸ್ಪತ್ರೆ ಎಲ್ಲದಕ್ಕೂ ಜನ ನೋಡುವುದು ಪಾಲಿಕೆಯ ವಾರ್ಡ್ ಕಚೇರಿಯತ್ತ.

ಯಾವ ಕನ್ನಡ, ಎಲ್ಲಿಯ ಕನ್ನಡಿಗರು?

1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಹೀಗಾಗಿ ಕಾರವಾರ, ಧಾರವಾಡದವರಿಗೆ ಮುಂಬಯಿ ತಮ್ಮ ಸರ್ಕಾರದ ಊರು. ಮಂಗಳೂರು, ಉಡುಪಿಯವರಿಗೆ ಅದು ಪರಪ್ರಾಂತ. ಆದರೂ ಮುಂಬಯಿ ಕನ್ನಡದ ಸಂಘಸಂಸ್ಥೆಗಳಲ್ಲಿ ಎದ್ದು ಕಾಣುವುದು ಪ್ರಾಂತದವರಲ್ಲ, ಪರಪ್ರಾಂತದವರು. ಸಮುದ್ರದ ಹಾದಿ ಆಡಳಿತದ ಗಡಿಯನ್ನು ಕೇಳಲಿಲ್ಲ.

ಇದರ ಪರಿಣಾಮ ಭಾಷೆಯ ಮೇಲೂ ಆಗಿದೆ. ಮುಲುಂಡಿನ ಅನೇಕ 'ಕನ್ನಡ' ಮನೆಗಳ ಒಳಗೆ ಆಡುವ ಮಾತು ತುಳು ಅಥವಾ ಕೊಂಕಣಿ. ಕನ್ನಡ ಓದು, ಬರಹ, ಭಜನೆ, ಯಕ್ಷಗಾನ, ಮದುವೆಯ ಕರೆಯೋಲೆಯ ಭಾಷೆ. ಅಂಗಡಿಯಲ್ಲಿ ಮರಾಠಿ ಅಥವಾ ಹಿಂದಿ, ಆಫೀಸಿನಲ್ಲಿ ಇಂಗ್ಲಿಷ್. ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳಲ್ಲಿ ಮಾತ್ರ ಇದು ತಿರುಗುಮುರುಗು. ಮನೆಯಲ್ಲೂ ಕೆಲಸದಲ್ಲೂ ಅವರು ಆಡುವುದು ಕನ್ನಡವನ್ನೇ. ಆದರೆ ಕನ್ನಡ ಸಂಘಗಳ ವೇದಿಕೆಯಲ್ಲಿ ಅವರು ಕಾಣುವುದು ಕಡಿಮೆ. ಕರಾವಳಿಯ ಹೋಟೆಲು ಮಾಲೀಕನ ಕನ್ನಡಕ್ಕೂ ಕಲಬುರಗಿಯ ಗೌಂಡಿಯ ಕನ್ನಡಕ್ಕೂ ನಡುವಿನ ಈ ಅಂತರದ ಬಗ್ಗೆ ಮುಂಬಯಿಯಲ್ಲಿ ಹೆಚ್ಚು ಚರ್ಚೆ ನಡೆದಿಲ್ಲ.

ಜನಗಣತಿ ತುಳು, ಕೊಂಕಣಿಗಳನ್ನು ಬೇರೆಯಾಗಿಯೇ ಎಣಿಸುತ್ತದೆ. 2011ರಲ್ಲಿ ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 10 ಲಕ್ಷ. ಇದರಲ್ಲಿ ಸೊಲ್ಲಾಪುರ, ಸಾಂಗ್ಲಿ, ಕೊಲ್ಹಾಪುರದ ಗಡಿ ತಾಲೂಕುಗಳ ಪಾಲು ದೊಡ್ಡದು. ಮುಂಬಯಿಯ ಕನ್ನಡ ಓದುಗರೆಲ್ಲ ಈ ಲೆಕ್ಕದೊಳಗೆ ಬರುವುದಿಲ್ಲ.

ಉಪ್ಪಿನ ದಾರಿಯ ಶಾಲೆ

ಮುಲುಂಡ್ ಪೂರ್ವದಲ್ಲಿ ಮಿಠಾಗರ್ ರಸ್ತೆ ಎಂಬುದೊಂದಿದೆ. ಮರಾಠಿಯಲ್ಲಿ ಮಿಠಾಗರ್ ಎಂದರೆ ಉಪ್ಪು ಬೆಳೆಯುವ ಜಾಗ. ಈ ಭಾಗದಲ್ಲಿರುವ ವಿದ್ಯಾ ಪ್ರಸಾರಕ ಮಂಡಳ, ಜನರ ಬಾಯಲ್ಲಿ ವಿಪಿಎಂ, ಮುಲುಂಡಿನ ಕನ್ನಡಿಗರು ಕಟ್ಟಿದ ಸಂಸ್ಥೆಗಳಲ್ಲಿ ಪ್ರಮುಖವಾದದ್ದು. ಕನ್ನಡ ಮಾಧ್ಯಮದ ಶಾಲೆಯ ಜತೆಗೆ ಬಿ.ಆರ್. ತೋಳ್ ಇಂಗ್ಲಿಷ್ ಹೈಸ್ಕೂಲು ಮತ್ತು ಆರ್.ಝಡ್. ಶಾ ಕಾಲೇಜು ಇದೇ ಸಂಸ್ಥೆಯವು. ಠಾಣೆಯಲ್ಲಿ ಇದೇ ಹೆಸರಿನ, 1935ರಲ್ಲಿ ಶುರುವಾದ ಮರಾಠಿಗರ ಸಂಸ್ಥೆಯೊಂದಿದೆ. ಎರಡಕ್ಕೂ ಸಂಬಂಧವಿಲ್ಲ. ಹೊಸಬರು ಗೊಂದಲಕ್ಕೆ ಬೀಳುವುದುಂಟು.

ಮುಂಬಯಿಯಲ್ಲಿ ಕನ್ನಡ ಕಲಿಕೆಗೆ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿ 1908ರಲ್ಲಿ ಉಚಿತ ರಾತ್ರಿಶಾಲೆ ತೆರೆಯಿತು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಓದಿ ಬ್ಯಾಂಕಿಗೋ ವಕೀಲಿಗೋ ಹೋದವರು ಮುಂಬಯಿ ಕನ್ನಡಿಗರಲ್ಲಿ ಬಹಳ ಮಂದಿ. ಮಾಟುಂಗಾದ ಮೈಸೂರು ಅಸೋಸಿಯೇಷನ್ (1926), ಬಂಟರ ಸಂಘ (1927), ಬಿಲ್ಲವರ ಅಸೋಸಿಯೇಷನ್ (1932), ಮಾಹಿಮ್‌ನ ಕರ್ನಾಟಕ ಸಂಘ (1933) ಒಂದರ ಹಿಂದೊಂದು ಬಂದವು. ಬಿಲ್ಲವರ ಅಸೋಸಿಯೇಷನ್‌ನ ಮುಂದಾಳುತನದಲ್ಲಿ 1978ರಲ್ಲಿ ಭಾರತ್ ಬ್ಯಾಂಕ್ ಶುರುವಾಯಿತು. ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ 1935ರಲ್ಲಿ ಎನ್.ಎಸ್. ಸುಬ್ಬರಾವ್ ಅಧ್ಯಕ್ಷತೆಯಲ್ಲಿ, 1951ರಲ್ಲಿ ಗೋವಿಂದ ಪೈ ಅವರ ಅಧ್ಯಕ್ಷತೆಯಲ್ಲಿ ಮುಂಬಯಿಯಲ್ಲೇ ನಡೆಯಿತು. ಧಾರವಾಡದ ಹೆಮ್ಮೆಯ ಕರ್ನಾಟಕ ವಿಶ್ವವಿದ್ಯಾಲಯ ಕೂಡ 1949ರಲ್ಲಿ ಮೊದಲು ಕಣ್ಣು ಬಿಟ್ಟದ್ದು ಮುಂಬಯಿಯಲ್ಲಿ. ಮರುವರ್ಷ ಅದು ಧಾರವಾಡಕ್ಕೆ ಹೋಯಿತು. ಕಲೀನಾದ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗ ತೆರೆದದ್ದು 1970ರ ದಶಕದ ಕೊನೆಗೆ. 'ಹೊಸಗನ್ನಡದ ಅರುಣೋದಯ'ದ ಶ್ರೀನಿವಾಸ ಹಾವನೂರರು ಅದರ ಮೊದಲ ಮುಖ್ಯಸ್ಥರು.

ಮೇಲಿನ ಸಂಸ್ಥೆಗಳಲ್ಲಿ ಬಹುಪಾಲು ದ್ವೀಪನಗರದಲ್ಲಿ ಅಥವಾ ಅದಕ್ಕೆ ಹತ್ತಿರ ಹುಟ್ಟಿದವು. ಮುಲುಂಡಿನವರಿಗೆ ಮಾಟುಂಗಾ ಎಂದರೆ ಹೋಗಿ ಬರಲು ಒಂದು ಸಂಜೆಯೇ ಬೇಕು. ಆದ್ದರಿಂದಲೇ ಉಪನಗರಗಳಲ್ಲಿ ಊರಿಗೊಂದು ಕನ್ನಡ ಸಂಘ, ಊರಿಗೊಂದು ಶಾಲೆ ಬೇಕಾಯಿತು.

ಪುಸ್ತಕ ಎಲ್ಲಿಂದ? ಪುಣೆಯಿಂದ!

ಕರ್ನಾಟಕದ ಓದುಗರಿಗೆ ಸೋಜಿಗವೆನಿಸುವ ವಿಷಯವೊಂದಿದೆ. ಮುಲುಂಡಿನ ಕನ್ನಡ ಶಾಲೆಯ ಮಗು ಓದುವುದು ಬೆಂಗಳೂರಿನ ಪಠ್ಯಪುಸ್ತಕವನ್ನಲ್ಲ. ಪುಣೆಯ 'ಬಾಲಭಾರತಿ' ಕನ್ನಡದಲ್ಲೂ ಪುಸ್ತಕ ಮುದ್ರಿಸುತ್ತದೆ. 1967ರಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ ಇದು. ಅಕ್ಕಲಕೋಟೆ, ಜತ್ತ ತಾಲೂಕುಗಳ ಹಳ್ಳಿ ಶಾಲೆಗಳಲ್ಲೂ ಮುಂಬಯಿಯ ಶಾಲೆಗಳಲ್ಲೂ ಇವೇ ಪುಸ್ತಕಗಳು. ಹತ್ತನೆಯ ತರಗತಿಯ ಪರೀಕ್ಷೆ ಮಹಾರಾಷ್ಟ್ರ ಮಂಡಳಿಯದೇ. ಶಿವಾಜಿ ಮಹಾರಾಜರ ಚರಿತ್ರೆಯನ್ನೂ ಮಹಾರಾಷ್ಟ್ರದ ಭೂಗೋಳವನ್ನೂ ಕನ್ನಡದಲ್ಲಿ ಓದುವ ಮಕ್ಕಳಿವರು.

ಮುಂಬಯಿ ಪಾಲಿಕೆ ಮರಾಠಿ, ಹಿಂದಿ, ಉರ್ದು, ಇಂಗ್ಲಿಷ್, ಗುಜರಾತಿ, ತಮಿಳು, ತೆಲುಗು, ಕನ್ನಡ ಹೀಗೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತ ಬಂದಿದೆ. ದೇಶದಲ್ಲಿ ಇಷ್ಟು ಭಾಷೆಗಳಲ್ಲಿ ಪಾಠ ಹೇಳುವ ಸ್ಥಳೀಯ ಸಂಸ್ಥೆಗಳು ಅಪರೂಪ. ಆದರೆ ಕನ್ನಡ ತರಗತಿಗಳಿಗೆ ಮಕ್ಕಳು ಸಿಗುತ್ತಿಲ್ಲ. ಕಾರಣ ಗುಟ್ಟೇನಲ್ಲ. ಎರಡನೆಯ ತಲೆಮಾರಿನ ತಂದೆತಾಯಿ ಇಂಗ್ಲಿಷ್ ಶಾಲೆಯನ್ನೇ ಬಯಸುತ್ತಾರೆ. ಮರಾಠಿ ಮಾಧ್ಯಮದ ಶಾಲೆಗಳೂ ಇದೇ ಕಾರಣಕ್ಕೆ ಸೊರಗಿವೆ. ಇದು ಒಂದು ಭಾಷೆಯ ಮೇಲೆ ಇನ್ನೊಂದರ ದಬ್ಬಾಳಿಕೆ ಎಂದರೆ ಅರ್ಧ ಸತ್ಯ ಮಾತ್ರ. 2020ರ ಕಾಯ್ದೆ ರಾಜ್ಯದ ಎಲ್ಲ ಶಾಲೆಗಳಲ್ಲಿ ಮರಾಠಿ ಕಡ್ಡಾಯ ಮಾಡಿತು. ಮೊದಲಿನಿಂದಲೂ ಮರಾಠಿ ಕಲಿಯುತ್ತಿದ್ದ ಕನ್ನಡ ಶಾಲೆಗಳಿಗೆ ಅದರಿಂದ ದೊಡ್ಡ ವ್ಯತ್ಯಾಸವೇನೂ ಆಗಲಿಲ್ಲ.

ಇಂಗ್ಲಿಷ್ ಮಾಧ್ಯಮ ಮತ್ತು ಕಾಲೇಜು ತೆರೆದ ಕನ್ನಡ ಸಂಸ್ಥೆಗಳಿಗೆ ಸಂವಿಧಾನದ 30ನೇ ವಿಧಿ ಬಲ ಕೊಟ್ಟಿದೆ. ಭಾಷಾ ಅಲ್ಪಸಂಖ್ಯಾತ ಸಂಸ್ಥೆಯೆಂದು ಸರ್ಕಾರದ ಮಾನ್ಯತೆ ಇದ್ದರೆ ಕಾಲೇಜಿನ ಅರ್ಧದಷ್ಟು ಸೀಟುಗಳನ್ನು ಆ ಭಾಷೆಯ ವಿದ್ಯಾರ್ಥಿಗಳಿಗೆ ಮೀಸಲಿಡಬಹುದು. ಸೀಟು ಕೇಳುವಾಗ ನೋಡುವುದು ಶಾಲೆ ಬಿಟ್ಟ ಪ್ರಮಾಣಪತ್ರದ 'ಮಾತೃಭಾಷೆ' ಕಾಲಮ್ಮನ್ನು. ಒಂದನೆಯ ತರಗತಿಗೆ ಸೇರಿಸುವಾಗ ಆ ಜಾಗದಲ್ಲಿ ತುಳು ಎಂದು ಬರೆಸಬೇಕೇ, ಕನ್ನಡ ಎಂದೇ? ಹತ್ತು ವರ್ಷದ ನಂತರ ಕಾಲೇಜಿನ ಬಾಗಿಲಲ್ಲಿ ಈ ಪ್ರಶ್ನೆಗೆ ಬೆಲೆ ಬರುತ್ತದೆ. ಮನೆಯ ಮಾತು ತುಳು, ಓದಿದ್ದು ಇಂಗ್ಲಿಷ್, ಪ್ರಮಾಣಪತ್ರದಲ್ಲಿ ಕನ್ನಡ ಎಂಬ ಮಕ್ಕಳು ಉಪನಗರದ ಕಾಲೇಜುಗಳಲ್ಲಿ ಕಡಿಮೆಯೇನಿಲ್ಲ.

ಬಾಗಿಲು ತೆರೆದ ಮೇಲೆ

1998ರಲ್ಲಿ ಕೊಂಕಣ ರೈಲು ಪೂರ್ತಿಯಾದಾಗ ಮುಲುಂಡಿನವರಿಗೆ ಆದ ಅನುಕೂಲ ದೊಡ್ಡದು. ಮುಂಬಯಿಯ ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ ಮಂಗಳೂರಿಗೆ ಹೋಗುವ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಪಕ್ಕದ ಠಾಣೆಯಲ್ಲೇ ನಿಲ್ಲುತ್ತದೆ. ಒಂದು ರಾತ್ರಿ ಮಲಗಿ ಎದ್ದರೆ ಊರು. ವರ್ಷಕ್ಕೊಮ್ಮೆ ಹೋಗುತ್ತಿದ್ದವರು ಕೋಲ, ನೇಮ, ಮದುವೆ ಎಂದು ಮೂರ್ನಾಲ್ಕು ಸಲ ಹೋಗತೊಡಗಿದರು.

ಊರಿನ ಹಳೆಯ ಗುರುತೊಂದು ಮಾತ್ರ ಮಾಸುತ್ತಿದೆ. ಮುಲುಂಡ್ ಚೆಕ್‌ನಾಕಾ ಎಂದರೆ ಮುಂಬಯಿಯ ಹೆಬ್ಬಾಗಿಲು. ಲಾರಿಗಳು ಸಾಲುಗಟ್ಟಿ ನಿಂತು ಆಕ್ಟ್ರಾಯ್ ಕಟ್ಟುತ್ತಿದ್ದ ಜಾಗ. 2017ರ ಜುಲೈ 1ರಂದು ಜಿಎಸ್‌ಟಿ ಬಂದು ಆಕ್ಟ್ರಾಯ್ ಹೋಯಿತು. 2024ರ ಅಕ್ಟೋಬರ್‌ನಲ್ಲಿ ಮುಂಬಯಿಯ ಐದು ಪ್ರವೇಶದ್ವಾರಗಳಲ್ಲಿ ಕಾರಿನಂಥ ಲಘು ವಾಹನಗಳ ಟೋಲ್ ರದ್ದಾಯಿತು. ಠಾಣೆಗೂ ಮುಲುಂಡಿಗೂ ನಡುವೆ ಈಗ ಕಾರಿನವರಿಗೆ ಗಡಿ ಗೊತ್ತಾಗುವುದು ಬೋರ್ಡು ನೋಡಿದಾಗ ಮಾತ್ರ. ಮುಲುಂಡಿನಲ್ಲಿ ಮನೆ ಕೊಳ್ಳಲಾಗದ ಕನ್ನಡ ಕುಟುಂಬಗಳು ಠಾಣೆ, ಡೊಂಬಿವಲಿ, ಕಲ್ಯಾಣದತ್ತ ಸರಿಯುತ್ತಿವೆ. ಭಜನೆಗೂ ಶಾಲೆಯ ವಾರ್ಷಿಕೋತ್ಸವಕ್ಕೂ ಅವರು ಈಗ ಲೋಕಲ್ ರೈಲು ಹತ್ತಿ ಹಿಂದಕ್ಕೆ ಬರುತ್ತಾರೆ.