ಜರ್ದಾದ ಹಳದಿ

ನಮ್ಮ ಮದುವೆ ದಾವತ್ತುಗಳಲ್ಲಿ ಬಿರಿಯಾನಿಯ ಜೊತೆ ಬಡಿಸುವ ಸಿಹಿ ಅನ್ನಕ್ಕೆ ಜರ್ದಾ ಎನ್ನುತ್ತಾರೆ. 'ಜರ್ದ್' ಎಂದರೆ ಫಾರಸಿಯಲ್ಲಿ ಹಳದಿ. ತಿನಿಸಿನ ಹೆಸರೇ ಬಣ್ಣದ್ದು. ಆ ಹಳದಿ ಬರಬೇಕಾದದ್ದು ಜಾಫ್ರಾನಿನಿಂದ, ಅಂದರೆ ಕೇಸರಿಯಿಂದ. ಆದರೆ ನಾನು ಹುಡುಗನಾಗಿದ್ದಾಗ ಬಾವರ್ಚಿಯ ಜೇಬಿನಿಂದ ಹೊರಬರುತ್ತಿದ್ದದ್ದು ಕಾಗದದ ಒಂದು ಚಿಕ್ಕ ಪೊಟ್ಟಣ. ಅದರಿಂದ ಒಂದೆರಡು ಚಿಟಿಕೆ ಉದುರಿಸಿದರೆ ದೇಗು ತುಂಬಾ ಬಣ್ಣ. ಮಾರನೆಯ ದಿನವೂ ನಮ್ಮ ಬೆರಳ ತುದಿಗಳಲ್ಲಿ ಹಳದಿ ಉಳಿದಿರುತ್ತಿತ್ತು. ಶಾಲೆಯಲ್ಲಿ ಅದನ್ನು ತೋರಿಸಿ, ದಾವತ್ ಉಂಡು ಬಂದೆವೆಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆವು. ಆ ಪುಡಿ ಏನೆಂದು ಯಾರೂ ಕೇಳಿದ ನೆನಪಿಲ್ಲ. ಅದು 'ರಂಗ್', ಅಷ್ಟೆ.

ಒಂದು ಕಿಲೋ ಕೇಸರಿಗೆ ಸುಮಾರು ಒಂದೂವರೆ ಲಕ್ಷ ಹೂಗಳು ಬೇಕು. ಇಷ್ಟು ದುಬಾರಿ ವಸ್ತು ಇದ್ದಲ್ಲಿ ಅದರ ನಕಲು ಇಲ್ಲದಿರುತ್ತದೆಯೇ? ಕಲಬೆರಕೆ ಹಳೆಯ ರೋಗ. ಧಾನ್ಯ, ಎಣ್ಣೆ, ಉಪ್ಪು, ಔಷಧಿಗಳಲ್ಲಿ ಬೆರಕೆ ಮಾಡಿದವನಿಗೆ ಕೌಟಿಲ್ಯನ ಅರ್ಥಶಾಸ್ತ್ರ ಹನ್ನೆರಡು ಪಣ ದಂಡ ವಿಧಿಸಿತ್ತು. ಉರ್ದು ಗಜಲ್ ಓದಿದವರಿಗೆ ಮುಹ್ತಸಿಬ್ ಎಂಬಾತ ಗೊತ್ತು. ಕುಡುಕರ ಬಟ್ಟಲು ಒಡೆಯಲು ಬರುವ ಖಳನಾಯಕ. ಕವಿಗಳು ಅವನಿಗೆ ಅನ್ಯಾಯ ಮಾಡಿದ್ದಾರೆ ಎಂದೇ ನನ್ನ ಭಾವನೆ. ಇತಿಹಾಸದ ಮುಹ್ತಸಿಬ್ ಪೇಟೆಯ ತನಿಖಾಧಿಕಾರಿ. ರೊಟ್ಟಿಯವನ ಹಿಟ್ಟು, ಹಾಲಿನವನ ಪಾತ್ರೆ, ಮಿಠಾಯಿಯವನ ಬಾಣಲೆ ಎಲ್ಲವನ್ನೂ ನೋಡುವುದು ಅವನ ಕೆಲಸ. ಹನ್ನೆರಡನೇ ಶತಮಾನದಲ್ಲಿ ಸಿರಿಯಾದ ಅಲ್ ಶೈಝರಿ ಅವನಿಗಾಗಿ ಒಂದು ಕೈಪಿಡಿಯನ್ನೇ ಬರೆದ. ಯಾವ ಕಸುಬಿನವರು ಯಾವ ಮೋಸ ಮಾಡುತ್ತಾರೆ, ಅದನ್ನು ಹಿಡಿಯುವುದು ಹೇಗೆ ಎಂಬುದೆಲ್ಲ ಅದರಲ್ಲಿದೆ. ಜರ್ಮನಿಯ ನ್ಯೂರೆಂಬರ್ಗ್ ನಗರವಂತೂ 1444ರಲ್ಲಿ ಕೇಸರಿಗೆ ಬೆರಕೆ ಮಾಡಿದ ವ್ಯಾಪಾರಿಯೊಬ್ಬನನ್ನು ಅವನ ಸರಕಿನ ಜೊತೆಗೇ ಸುಟ್ಟಿತು.

ಆಗ ಕೊಳ್ಳುವವನಿಗೆ ಮಾರುವವನ ಮುಖ ಗೊತ್ತಿತ್ತು. ಕಾರ್ಖಾನೆಗಳ ಇಂಗ್ಲೆಂಡಿನಲ್ಲಿ ಆ ಪರಿಚಯವೂ ಹೋಯಿತು. ಲಂಡನ್ನಿನಲ್ಲಿದ್ದ ಜರ್ಮನ್ ರಸಾಯನತಜ್ಞ ಫ್ರೆಡ್ರಿಕ್ ಅಕುಮ್ 1820ರಲ್ಲಿ ಒಂದು ಪುಸ್ತಕ ತಂದ. ಮಕ್ಕಳ ಮಿಠಾಯಿಯ ಕೆಂಪಿನಲ್ಲಿ ಸೀಸ, ಉಪ್ಪಿನಕಾಯಿಯ ಹಸಿರಿನಲ್ಲಿ ತಾಮ್ರ ಇದೆಯೆಂದು ತೋರಿಸಿದ. ಸಿಕ್ಕಿಬಿದ್ದ ವ್ಯಾಪಾರಿಗಳ ಹೆಸರನ್ನೂ ಅಚ್ಚು ಹಾಕಿಸಿದ. ಮರುವರ್ಷ, ಗ್ರಂಥಾಲಯದ ಪುಸ್ತಕಗಳ ಹಾಳೆ ಹರಿದ ಆರೋಪ ಹೊತ್ತು ಅವನೇ ದೇಶ ಬಿಡಬೇಕಾಯಿತು. ಕಾನೂನು ಬರಲಿಲ್ಲ. ಅದು ಬರಲು ಬ್ರಾಡ್‌ಫರ್ಡ್‌ನ ಮಕ್ಕಳು ಸಾಯಬೇಕಾಯಿತು.

ಆ ಕತೆಯನ್ನು ತುಸು ವಿವರವಾಗಿ ಹೇಳಬೇಕು. ಬ್ರಾಡ್‌ಫರ್ಡ್ ಉಣ್ಣೆ ಗಿರಣಿಗಳ ಊರು. ಅಲ್ಲಿನ ಪೇಟೆಯಲ್ಲಿ ವಿಲಿಯಂ ಹಾರ್ಡೇಕರ್ ಎಂಬಾತ ಪುದೀನಾ ಮಿಠಾಯಿ ಮಾರುತ್ತಿದ್ದ. ಮಿಠಾಯಿ ಮಾಡಿಕೊಡುತ್ತಿದ್ದವನು ಜೋಸೆಫ್ ನೀಲ್. ಸಕ್ಕರೆ ದುಬಾರಿ, ಆದ್ದರಿಂದ ಅದಕ್ಕೆ 'ಡಾಫ್ಟ್' ಎಂಬ ಬಿಳಿ ಪುಡಿ ಬೆರೆಸುವುದು ರೂಢಿ. ಜಿಪ್ಸಂನಂಥ ಅಗ್ಗದ ಪುಡಿ. ಇದೇನೂ ಕದ್ದುಮುಚ್ಚಿ ಮಾಡುವ ಕೆಲಸವಾಗಿರಲಿಲ್ಲ, ಕಸುಬಿನವರಿಗೆಲ್ಲ ಗೊತ್ತಿದ್ದದ್ದೇ. 1858ರ ಅಕ್ಟೋಬರ್ ಕೊನೆಗೆ ನೀಲ್ ಹನ್ನೆರಡು ಪೌಂಡ್ ಡಾಫ್ಟ್ ತರಲು ಔಷಧಿ ಅಂಗಡಿಗೆ ಆಳು ಕಳಿಸಿದ. ಅಂಗಡಿಯವನು ಕಾಯಿಲೆ ಬಿದ್ದು ಮಲಗಿದ್ದ. ಸಹಾಯಕನಿಗೆ, ಮೂಲೆಯ ಪೀಪಾಯಿಯಲ್ಲಿದೆ ನೋಡು ಎಂದ. ಹುಡುಗ ತೂಗಿ ಕೊಟ್ಟದ್ದು ಪಕ್ಕದ ಪೀಪಾಯಿಯ ಬಿಳಿ ಪುಡಿ: ಆರ್ಸೆನಿಕ್, ನಮ್ಮ ಮಾತಿನಲ್ಲಿ ಪಾಷಾಣ.

ಮಿಠಾಯಿ ಕಾಯಿಸಿದ ಕೆಲಸಗಾರನಿಗೆ ಪಾಕ ಎಂದಿನಂತಿಲ್ಲ ಅನ್ನಿಸಿತ್ತು. ಅವನಿಗೆ ಹುಷಾರೂ ತಪ್ಪಿತು. ಹಾರ್ಡೇಕರ್‌ಗೂ ಬಣ್ಣ ಬೇರೆಯಾಗಿ ಕಂಡಿತು. ಅದನ್ನೇ ನೆಪ ಮಾಡಿ ಚೌಕಾಸಿಗಿಳಿದು ಬೆಲೆ ಇಳಿಸಿಕೊಂಡ! ಶನಿವಾರ ಸಂಜೆ ಐದು ಪೌಂಡು ಮಾರಿದ. ವಾರದ ಬಟವಾಡೆಯ ಕಾಸಿನಲ್ಲಿ ಬಡವರು ಮಕ್ಕಳಿಗೆಂದು ಕೊಂಡುಹೋದ ಮಿಠಾಯಿ ಅದು. ಮೊದಲ ಸಾವುಗಳನ್ನು ಕಾಲರಾ ಎಂದುಕೊಂಡರು. ಕಾರಣ ಸ್ಪಷ್ಟವಾಗುವಷ್ಟರಲ್ಲಿ ಇಪ್ಪತ್ತರಷ್ಟು ಜನ ಸತ್ತರು, ಇನ್ನೂರರಷ್ಟು ಮಂದಿ ಹಾಸಿಗೆ ಹಿಡಿದರು. ಅಂಗಡಿಯವ, ಸಹಾಯಕ, ನೀಲ್ ಮೂವರ ಮೇಲೂ ಮೊಕದ್ದಮೆ ಹೂಡಿದರು. ಯಾರಿಗೂ ಶಿಕ್ಷೆಯಾಗಲಿಲ್ಲ. ಹುಡುಗ ಪೀಪಾಯಿ ತಪ್ಪಿದ್ದ, ಅಷ್ಟೆ. ಸಕ್ಕರೆಯ ಜಾಗದಲ್ಲಿ ಜಿಪ್ಸಂ ತಿನ್ನಿಸುವುದು ಆಗ ಅಪರಾಧವೇ ಆಗಿರಲಿಲ್ಲ. 1860ರಲ್ಲಿ ಬ್ರಿಟನ್ ತನ್ನ ಮೊದಲ ಆಹಾರ ಕಲಬೆರಕೆ ಕಾಯ್ದೆ ತಂದಿತು.

ಇದಕ್ಕೆ ಎರಡು ವರ್ಷ ಮೊದಲು, 1856ರಲ್ಲಿ, ಲಂಡನ್ನಿನ ಹದಿನೆಂಟರ ಹುಡುಗ ವಿಲಿಯಂ ಪರ್ಕಿನ್ ಮಲೇರಿಯಾದ ಮದ್ದು ಕ್ವಿನೈನನ್ನು ಕೃತಕವಾಗಿ ತಯಾರಿಸಲು ಹೋಗಿ, ಕಲ್ಲಿದ್ದಲ ಡಾಂಬರಿನಿಂದ ನೇರಳೆ ಬಣ್ಣ ಪಡೆದಿದ್ದ. ನಮ್ಮ ಬಾವರ್ಚಿಯ ಪೊಟ್ಟಣದ ವಂಶಾವಳಿ ಶುರುವಾಗುವುದು ಇಲ್ಲಿಂದ. ಸೀರೆಗೆ, ಉಣ್ಣೆಗೆ ಹುಟ್ಟಿದ ಬಣ್ಣಗಳು ಕೆಲವೇ ದಶಕಗಳಲ್ಲಿ ಬೆಣ್ಣೆಗೂ ಮಿಠಾಯಿಗೂ ಇಳಿದವು. ಸೀಸಕ್ಕೆ ಹೋಲಿಸಿದರೆ ಅವು ಸಾಧುಪ್ರಾಣಿಗಳಂತೆ ಕಂಡವು. ಅಮೆರಿಕದಲ್ಲಿ ಹಾರ್ವೆ ವೈಲಿ ಎಂಬ ಸರಕಾರಿ ರಸಾಯನತಜ್ಞ 1902ರಲ್ಲಿ ಹನ್ನೆರಡು ತರುಣರಿಗೆ ಊಟದ ಜೊತೆ ಬೋರಾಕ್ಸ್ ತಿನ್ನಿಸಿ ಪರೀಕ್ಷಿಸಿದ. ಆ ಕಾಲದಲ್ಲಿ ಆಹಾರ ಕೆಡದಂತೆ ಬೆರೆಸುತ್ತಿದ್ದ ರಾಸಾಯನಿಕ ಅದು. ಪತ್ರಿಕೆಗಳು ಆ ತರುಣರಿಗೆ ವಿಷಪಡೆ ಎಂದು ಹೆಸರಿಟ್ಟವು. 1906ರಲ್ಲಿ ಅಲ್ಲೂ ಕಾನೂನು ಬಂತು. ಮರುವರ್ಷ, ಬಳಕೆಯಲ್ಲಿದ್ದ ಸುಮಾರು ಎಂಬತ್ತು ಡಾಂಬರು ಬಣ್ಣಗಳಲ್ಲಿ ಏಳನ್ನು ಮಾತ್ರ ಸುರಕ್ಷಿತವೆಂದು ಆರಿಸಿದರು.

ಆ ಏಳರ ಗತಿ ನೋಡಿ. 1950ರಲ್ಲಿ ಹಬ್ಬದ ಮಿಠಾಯಿ ತಿಂದ ಮಕ್ಕಳು ಕಾಯಿಲೆ ಬಿದ್ದರು, ಮುಂದೆ ಕಿತ್ತಳೆ ಬಣ್ಣವೊಂದು ಪಟ್ಟಿಯಿಂದ ಹೋಯಿತು. ಅಮರಂತ್ ಎಂಬ ಕೆಂಪು 1976ರಲ್ಲಿ ಹೋಯಿತು. ಇನ್ನೊಂದು ಕೆಂಪಾದ ಎರಿಥ್ರೋಸಿನ್‌ನ ಅನುಮತಿ ರದ್ದಾದದ್ದು 2025ರ ಜನವರಿಯಲ್ಲಿ. ಏಳರಲ್ಲಿ ಉಳಿದದ್ದು ನೀಲಿ ಒಂದೇ. ಭಾರತದ 2011ರ ನಿಯಮಾವಳಿ ಒಪ್ಪಿದ ಎಂಟು ಕೃತಕ ಬಣ್ಣಗಳಲ್ಲಿ ಎರಿಥ್ರೋಸಿನ್ ಕೂಡ ಒಂದು.

ನಮ್ಮಲ್ಲಿ ಕಲಬೆರಕೆ ತಡೆ ಕಾಯ್ದೆ 1954ರಲ್ಲೇ ಬಂತು, ಈಗಿನದು 2006ರದು. ಅನುಮತಿಯಿರುವ ಬಣ್ಣಗಳೂ ಸಿಹಿತಿಂಡಿ, ಐಸ್‌ಕ್ರೀಮ್, ಬಿಸ್ಕೆಟ್ಟಿನಂಥ ಪಟ್ಟಿಮಾಡಿದ ತಿನಿಸುಗಳಿಗೆ ಮಾತ್ರ, ಅದೂ ಮಿತಿಯೊಳಗೆ. ಆದರೆ ಪೊಟ್ಟಣಕ್ಕೆ ಪಟ್ಟಿಯ ಗೊಡವೆಯಿಲ್ಲ. ಜಿಲೇಬಿ, ಲಾಡು, ಬೇಳೆ, ಅರಿಶಿನಗಳಲ್ಲಿ ಮತ್ತೆಮತ್ತೆ ಸಿಕ್ಕಿಬಿದ್ದ ಮೆಟಾನಿಲ್ ಹಳದಿ ಯಾವತ್ತೂ ಆಹಾರಕ್ಕೆ ಅನುಮತಿ ಪಡೆದದ್ದಲ್ಲ. ಲಖನೌದ ವಿಷಶಾಸ್ತ್ರ ಸಂಸ್ಥೆಯ ವಿಜ್ಞಾನಿಗಳು ಅದರ ಅಪಾಯವನ್ನು ದಶಕಗಳಿಂದ ಬರೆಯುತ್ತಾ ಬಂದಿದ್ದಾರೆ. ಬೇಳೆ ತೊಳೆದ ನೀರಿಗೆ ಹೈಡ್ರೋಕ್ಲೋರಿಕ್ ಆಮ್ಲದ ಕೆಲವು ಹನಿ ಬಿಟ್ಟಾಗ ನೀರು ಗುಲಾಬಿಗೆ ತಿರುಗಿದರೆ ಅದು ಇದೆ ಎಂದೇ ಗುಮಾನಿ.

2024ರ ಮಾರ್ಚಿನಲ್ಲಿ ಕರ್ನಾಟಕ ಸರಕಾರ ಗೋಬಿ ಮಂಚೂರಿ, ಬೊಂಬಾಯಿ ಮಿಠಾಯಿಗಳ ಮಾದರಿ ತರಿಸಿ ನೋಡಿತು. ಗೋಬಿಯ 171 ಮಾದರಿಗಳಲ್ಲಿ 107, ಮಿಠಾಯಿಯ 25ರಲ್ಲಿ 15 ಅಸುರಕ್ಷಿತ. ಮಿಠಾಯಿಯಲ್ಲಿ ಸಿಕ್ಕವುಗಳಲ್ಲಿ ಬಟ್ಟೆಗೆ ಹಾಕುವ ರೋಡಮೈನ್-ಬಿ ಕೂಡ ಇತ್ತು. ಬಣ್ಣ ನಿಷೇಧವಾಯಿತು, ಜೂನ್‌ನಲ್ಲಿ ಕಬಾಬಿನ ಸರದಿ. ಬಣ್ಣವಿಲ್ಲದ ಬಿಳಿ ಮಿಠಾಯಿಗೆ ಅಡ್ಡಿಯಿರಲಿಲ್ಲ. ಆದರೆ ಜಾತ್ರೆಯಲ್ಲಿ ಮಗು ಕೈ ಚಾಚುವುದು ಗುಲಾಬಿಗೆ. ಕೋಲಿಗೆ ಮಿಠಾಯಿ ಸಿಕ್ಕಿಸಿ ಹೊತ್ತು ತಿರುಗುವ ಹುಡುಗನಿಗೂ ಪುಡಿಯ ಹೆಸರು ಗೊತ್ತಿರುವುದಿಲ್ಲ, ನಮ್ಮ ಬಾವರ್ಚಿಗೆ ಗೊತ್ತಿಲ್ಲದಿದ್ದಂತೆಯೇ.

ಈಗ ನಮ್ಮ ಮನೆಯಲ್ಲಿ ಈದಿನ ಜರ್ದಾಕ್ಕೆ ನಾಲ್ಕೆಂಟು ಎಳೆ ಕೇಸರಿಯನ್ನು ಬಿಸಿ ಹಾಲಿನಲ್ಲಿ ನೆನೆಸಿ ಹಾಕುತ್ತೇವೆ. ಅನ್ನ ಅಲ್ಲಲ್ಲಿ ಹಳದಿ, ಉಳಿದೆಡೆ ಬಿಳಿ. ಕಳೆದ ಈದಿಗೆ ಬಂದ ನನ್ನ ಖಾಲಾ ತಟ್ಟೆಯನ್ನೊಮ್ಮೆ ನೋಡಿ, ನನ್ನ ಹೆಂಡತಿಯತ್ತ ತಿರುಗಿ, 'ಯಾಕಮ್ಮಾ, ಈ ಸಲ ರಂಗ್ ತರೋದು ಮರೆತಿರಾ?' ಎಂದರು.